ರೂಡಿ ಗ್ರಾಹೆಕ್ ಕತ್ತರಿಸಿದ ಸಾಲು

ರೂಡಿ ಗ್ರಾಹೆಕ್‌ನ ಮೂಗು ಮೂರು ಸಲ ಮುರಿದಿತ್ತು. ಮೊದಲನೆಯದು ಅಪ್ಪನ ಕೈಯಿಂದ, ಎರಡನೆಯದು ಐಸ್ ಹಾಕಿಯಲ್ಲಿ, ಮೂರನೆಯದು ತನ್ನದೇ ಮದುವೆಯ ಊಟದಲ್ಲಿ, ಹೆಂಡತಿಯ ಸೋದರಮಾವನಿಂದ. ಎವೆಲೆತ್‌ನಂಥ ಕಬ್ಬಿಣದ ಗಣಿಯ ಊರಿನಲ್ಲಿ ಇದನ್ನು ಯಾರೂ ದೊಡ್ಡದಾಗಿ ಹೇಳಿಕೊಳ್ಳುವುದಿಲ್ಲ. ಆದರೆ ಮುರಿಸಿಕೊಂಡ ಪ್ರತಿ ಸಲವೂ ರೂಡಿ ಎದುರಿನವನದ್ದೂ ಏನಾದರೊಂದು ಮುರಿದೇ ಬಿಟ್ಟಿದ್ದ, ಅಪ್ಪನದ್ದೊಂದನ್ನು ಬಿಟ್ಟು. ಕೈ ಮುಂದು, ಬಾಯಿ ಅದಕ್ಕಿಂತ ಮುಂದು. ಅವನ ಹೆಂಡತಿ ಬರ್ನಿಸ್ ಹೇಳುತ್ತಿದ್ದಳು, ‘ಇವನಿಗೆ ಸಿಟ್ಟು ಬರೋದಿಲ್ಲ, ಇವನ ಹತ್ರಾನೇ ಇರುತ್ತೆ. ಮಿಕ್ಕಿದ್ದೆಲ್ಲಾ ಬಂದು ಹೋಗುತ್ತೆ.’

ಆ ಸೀಮೆಯ ಹಳೆಯ ಮನೆಗಳೆಲ್ಲ ಉಗಿಯಿಂದ ಬೆಚ್ಚಗಾಗುವ ಮನೆಗಳು. ನೆಲಮಾಳಿಗೆಯಲ್ಲಿ ಎರಕದ ಕಬ್ಬಿಣದ ಬಾಯ್ಲರು, ಹೊಟ್ಟೆಯಲ್ಲಿ ನೀರು, ಅಡಿಯಲ್ಲಿ ಗ್ಯಾಸಿನ ಬೆಂಕಿ. ರೂಡಿ ಹದಿನೆಂಟನೇ ವಯಸ್ಸಿಗೆ ಅಣ್ಣ ಟೋನಿಯ ಜೊತೆ ಬಾಯ್ಲರ್ ರಿಪೇರಿಗೆ ಇಳಿದ. ನಾಲ್ಕು ವರ್ಷ ಇಬ್ಬರೂ ಒಂದೇ ಗಾಡಿಯಲ್ಲಿ ತಿರುಗಿದರು. ಆಮೇಲೊಂದು ಮಾರ್ಚ್ ತಿಂಗಳಲ್ಲಿ, ಯಾವುದೋ ಸಭಾಭವನದ ನೆಲಮಾಳಿಗೆಯಲ್ಲಿ, ನೀರು ಬತ್ತಿ ಬಾಯ್ಲರಿನ ಕಬ್ಬಿಣ ಕೆಂಪಗಾಗಿತ್ತು. ಟೋನಿ ಬಗ್ಗಿ ನೋಡುತ್ತಿದ್ದಾಗಲೇ ಅಲ್ಲಿಯ ಜವಾನ ಗಾಬರಿಯಿಂದ ತಣ್ಣೀರಿನ ನಲ್ಲಿ ತಿರುಗಿಸಿಬಿಟ್ಟ. ಕಾದ ಬಾಣಲೆಗೆ ನೀರು ಬಿದ್ದರೆ ಏನಾಗುತ್ತದೆಂದು ಅಡುಗೆಮನೆ ಕಂಡವರಿಗೆಲ್ಲ ಗೊತ್ತು. ಇದು ಎಂಟು ಕ್ವಿಂಟಾಲಿನ ಬಾಣಲೆ. ಉಪಕರಣ ತರಲೆಂದು ಮೆಟ್ಟಿಲು ಹತ್ತುತ್ತಿದ್ದ ರೂಡಿಯನ್ನು ಆ ಸದ್ದು ಎತ್ತಿ ಬಾಗಿಲಿನಾಚೆ ಬಿಸಾಡಿತು. ಅವನು ತೆವಳಿಕೊಂಡು ಕೆಳಗೆ ಬಂದಾಗ ಜವಾನ ಅರ್ಧ ಗೋಡೆಯ ಕೆಳಗಿದ್ದ. ಟೋನಿಯನ್ನು ಅವನು ಗುರುತಿಸಿದ್ದು ಬೆಲ್ಟಿನಿಂದ.

ಅಂದಿನಿಂದ ರೂಡಿಗೆ ಬಾಯ್ಲರಿನ ವಿಷಯದಲ್ಲಿ ಉಡಾಫೆ ಮಾಡುವವನನ್ನು ಕಂಡರೆ ಕೈ ತಡೆಯುತ್ತಿರಲಿಲ್ಲ. ಐವತ್ತೈದನೇ ವಯಸ್ಸಿನಲ್ಲಿ ಅವನ ಕೆಲಸ ಹೋದದ್ದೂ ಹೀಗೇ. ಒಬ್ಬ ಮನೆಯೊಡೆಯ, ಒತ್ತಡ ಹೆಚ್ಚಾದಾಗ ತೆರೆದುಕೊಳ್ಳಬೇಕಾದ ವಾಲ್ವು ತೊಟ್ಟಿಕ್ಕುತ್ತದೆಂದು, ಅದರ ಬಾಯಿಗೆ ಬಿರಟೆ ಜಡಿದಿದ್ದ. ರೂಡಿ ಬಿರಟೆ ಬಿಚ್ಚಿದ, ಆಮೇಲೆ ಮನೆಯೊಡೆಯನ ಬಾಯಿಗೆ ಗುದ್ದಿದ. ಎರಡು ಹಲ್ಲು ಹೋದವು. ಕಂಪನಿಯ ಯಜಮಾನ ಅವನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ.

ಕೈಗೆ ಕೆಲಸವಿಲ್ಲದ ಮೇಲೆ ಬಾಯಿಗೆ ಕೆಲಸ ಸಿಕ್ಕಿತು. ಮನೆ ಬೆಚ್ಚಗಿಡುವ ರಿಪೇರಿಗಳನ್ನು ಚರ್ಚಿಸುವ, ಇಂಟರ್‌ನೆಟ್ಟಿನ ಒಂದು ಫೋರಮ್ಮಿಗೆ ಬರ್ನಿಸ್ಸೇ ಅವನನ್ನು ಸೇರಿಸಿದಳು, ಅಡುಗೆಮನೆಯಲ್ಲಿ ಕೂತು ತನ್ನ ಮೇಲೆ ಕೂಗಾಡುವ ಬದಲು ಜಗತ್ತಿನ ಮೇಲೆ ಕೂಗಾಡಲಿ ಎಂದು. ಆ ಗಣಿ ಸೀಮೆಯನ್ನು ರೇಂಜ್ ಎನ್ನುತ್ತಾರೆ, ಹಾಗಾಗಿ ಅಲ್ಲಿ ಅವನ ಹೆಸರು ರೇಂಜ್ ರೂಡಿ. ಎರಡೇ ಬೆರಳಿನಲ್ಲಿ ಕುಟ್ಟುತ್ತಿದ್ದ, ಆದರೆ ಕುಟ್ಟಿದ್ದೆಲ್ಲ ಕೇಳಿದವರ ತಲೆಯ ಮೇಲೆಯೇ ಬೀಳುತ್ತಿತ್ತು. ‘ಇದು ಪೈಪಾ ಅಥವಾ ನಿನ್ನ ಕರುಳಾ?’ ಎಂದು ಕೇಳುತ್ತಿದ್ದ. ‘ಫೋಟೋ ಹಾಕು, ಕತೆ ಹೇಳಬೇಡ’ ಎನ್ನುತ್ತಿದ್ದ. ಬೈಸಿಕೊಂಡವರ ಬಾಯ್ಲರು ಮಾತ್ರ ಸರಿಹೋಗುತ್ತಿತ್ತು. ಆರು ತಿಂಗಳಿಗೆಲ್ಲ ಫೋರಮ್ಮಿನ ಒಡೆಯ ಅವನನ್ನೇ ಅಲ್ಲಿಯ ಬರಹಗಳನ್ನು ತಿದ್ದುವ, ಅಳಿಸುವ ಕಾವಲುಗಾರನನ್ನಾಗಿ ಮಾಡಿದ. ಕಳ್ಳನ ಕೈಗೆ ಬೀಗದ ಕೈ ಕೊಡುವುದು ಒಮ್ಮೊಮ್ಮೆ ಸರಿಯಾದ ಕೆಲಸವೇ.

ಫೋರಮ್ಮಿನ ಶಿಷ್ಟಾಚಾರ ಬರೆದವನೂ ರೂಡಿಯೇ. ಅದರಲ್ಲಿ ಅವನಿಗೆ ಪ್ರಾಣವಾಗಿದ್ದದ್ದು ಎರಡು. ಹಳೆಯ ಚರ್ಚೆಯ ಕೆಳಗೆ ಯಾರೂ ಹೊಸದಾಗಿ ಬರೆಯಕೂಡದು, ಪ್ರಶ್ನೆಯಿದ್ದರೆ ಹೊಸ ಚರ್ಚೆ ಶುರು ಮಾಡಬೇಕು. ಹಳೆಯದನ್ನು ಕೆದಕುವುದಕ್ಕೆ ಅಲ್ಲಿ ಹೆಣ ಎಬ್ಬಿಸುವುದು ಎನ್ನುತ್ತಾರೆ. ಒಬ್ಬನ ಬಾಯ್ಲರಿನ ಮದ್ದು ಇನ್ನೊಬ್ಬನ ಬಾಯ್ಲರಿಗೆ ವಿಷ, ಅದಕ್ಕೇ ಈ ನಿಯಮ. ಎರಡನೆಯದು, ಜಗಳ ಹತ್ತಿಕೊಂಡರೆ ಜಗಳದ ಮಾತನ್ನೆಲ್ಲ ಕಾವಲುಗಾರ ಕತ್ತರಿಸಿ ತೆಗೆದು, ಕೆಲಸಕ್ಕೆ ಬರುವ ಮಾತನ್ನಷ್ಟೇ ಉಳಿಸಬೇಕು. ಮುಂದೆ ಓದುವವರಿಗೆ ಕೆಸರು ತುಳಿಯುವ ಕಷ್ಟ ಬೇಡವೆಂದು. ಕಾಲು ಕೆರೆದು ಜಗಳಕ್ಕೆ ಹೋಗುವವನೇ ಈ ನಿಯಮ ಬರೆದದ್ದು ನೋಡಿ ಬರ್ನಿಸ್ ಅರ್ಧ ದಿನ ನಕ್ಕಿದ್ದಳು.

ಹನ್ನೊಂದು ವರ್ಷ ಹೀಗೇ ನಡೆಯಿತು. ಅರವತ್ತಾರು ದಾಟಿತ್ತು ಅವನಿಗೆ.

ಜನವರಿಯ ಒಂದು ಶನಿವಾರ. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಚಳಿ. ಬೆಳಿಗ್ಗೆ ಹತ್ತು ಗಂಟೆಗೆ ರೂಡಿ ಕಾಫಿ, ಅಕ್ರೋಟು ಸುತ್ತಿದ ಸಿಹಿ ರೊಟ್ಟಿ ಪೊಟೀಟ್ಸಾ ಇಟ್ಟುಕೊಂಡು ಕಂಪ್ಯೂಟರಿನ ಮುಂದೆ ಕೂತ. ಹನ್ನೊಂದು ವರ್ಷದ ಹಿಂದಿನ ಒಂದು ಚರ್ಚೆಯ ಕೆಳಗೆ ಯಾರೋ ಆ ಬೆಳಿಗ್ಗೆ ಎಂಟಕ್ಕೆ ಬರೆದಿದ್ದರು. ರೂಡಿ ಓದಲೂ ಇಲ್ಲ. ಅಳಿಸಿದ. ಸದಾ ಸಿದ್ಧವಿದ್ದ ಓಲೆ ಕಳಿಸಿದ: ‘ಹೆಣ ಎಬ್ಬಿಸಬೇಡಿ. ಹೊಸ ಚರ್ಚೆ ಶುರು ಮಾಡಿ.’ ಆಮೇಲೆ ಪೊಟೀಟ್ಸಾ ಕಚ್ಚುತ್ತ, ಅಳಿಸಿದ್ದು ಬಿದ್ದಿದ್ದ ಕಸದ ಬುಟ್ಟಿಯನ್ನು ಸುಮ್ಮನೆ ತೆರೆದು ನೋಡಿದ.

‘ರೇಂಜ್ ರೂಡಿ ಅವರಿಗೆ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಎರಡು ವೈರು ಸೇರಿಸಿ ತಿರುಚಿದೆ. ಮಂಗಳವಾರದಿಂದ ಬಾಯ್ಲರು ಒಂದ್ಸಲಾನೂ ನಿಂತಿಲ್ಲ. ಮಕ್ಕಳು ಸ್ವೆಟರ್ ಬಿಚ್ಚಿದ್ರು. ಇವತ್ತು ಬೆಳಿಗ್ಗೆಯಿಂದ ಮಟ್ಟ ತೋರಿಸೋ ಗಾಜಿನ ನಳಿಗೇಲಿ ನೀರು ಕಾಣ್ತಿಲ್ಲ. ಹತ್ತೂವರೆ ಹೊತ್ತಿಗೆ ಪೇಟೆಯಿಂದ ಬಂದು ಒಂದಷ್ಟು ನೀರು ಬಿಡ್ತೀನಿ, ಸರಿ ತಾನೆ? ಕರ್ಟ್ ಲಹ್ತಿ, ಬಿವಾಬಿಕ್.’

ರೂಡಿ ಪೊಟೀಟ್ಸಾ ಕೆಳಗಿಟ್ಟ. ಹಳೆಯ ಚರ್ಚೆಯನ್ನು ಮೇಲಿನಿಂದ ಓದಿದ. ಬಾಯ್ಲರು ಪದೇ ಪದೇ ಆರುತ್ತದೆ ಎಂದು ಯಾರೋ ಕೇಳಿದ್ದ. ನೀರು ತಗ್ಗಿದಾಗ ಬೆಂಕಿ ಆರಿಸಲೆಂದೇ ಒಂದು ಕಟ್-ಆಫ್ ಇರುತ್ತದೆ. ಅದು ಕೆಟ್ಟಿದೆಯೋ ಇಲ್ಲವೋ ನೋಡಲು ರೂಡಿ ಉಪಾಯ ಹೇಳಿದ್ದ: ‘ಅದರ ಎರಡು ವೈರು ಬಿಚ್ಚಿ ಒಂದಕ್ಕೊಂದು ಸೇರಿಸಿ ತಿರುಚು. ಬಾಯ್ಲರು ನಿಲ್ಲದೆ ಉರಿದರೆ ತೊಂದರೆ ಇದ್ದದ್ದು ಕಟ್-ಆಫ್‌ನಲ್ಲೇ.’ ಅದರ ಕೆಳಗೆ ಕೇಳಿದವನ ಧನ್ಯವಾದ. ಅಷ್ಟೇ. ನಲವತ್ತು ಸಾವಿರ ಜನ ಓದಿದ್ದಾರೆಂದು ಅಂಕಿ ತೋರಿಸುತ್ತಿತ್ತು.

ಮುಂದಿನದು ಎಲ್ಲಿ ಹೋಯಿತೆಂದು ಅವನಿಗೆ ನೆನಪಾಯಿತು. ಅವತ್ತು ಟೊಲೀಡೊದ ಕ್ಲೈಡ್ ಎಂಬುವನು, ಅವನೂ ಬಾಯ್ಲರಿನವನೇ, ‘ಇಂಥದ್ದನ್ನ ಮನೆಮಂದಿಗೆ ಹೇಳಿಕೊಡೋನು ಕೊಲೆಗಾರ’ ಎಂದು ಬರೆದಿದ್ದ. ರೂಡಿಗೆ ನೆತ್ತಿಗೇರಿತ್ತು. ಕ್ಲೈಡನ ಅಮ್ಮ, ಅಜ್ಜಿ, ಸಾಕಿದ ನಾಯಿ, ಯಾರನ್ನೂ ಬಿಡದೆ ಹನ್ನೆರಡು ಸಾಲು ಬೈದು, ಕೊನೆಗೆ ಒಂದು ಸಾಲು ಸೇರಿಸಿದ್ದ: ‘ಐದೇ ನಿಮಿಷ, ಬಾಯ್ಲರಿನ ಮುಂದೇ ನಿಂತು ನೋಡು, ಆಮೇಲೆ ವೈರು ಬಿಚ್ಚಿ ಮೊದಲಿದ್ದ ಹಾಗೆ ಹಾಕು, ಇಲ್ಲಾಂದ್ರೆ ಸಾಯ್ತೀಯ.’ ಮಾರನೇ ವಾರ ಅವನು ಕಾವಲುಗಾರನಾದ. ತನಗೊಂದು ನ್ಯಾಯ ಊರಿಗೊಂದು ನ್ಯಾಯ ಅಲ್ಲವೆಂದು ತೋರಿಸಲು ಮೊಟ್ಟಮೊದಲು ಕತ್ತರಿಸಿದ್ದು ತನ್ನದೇ ಬೈಗುಳವನ್ನು. ಬೈಗುಳದ ಬಾಲಕ್ಕೆ ಕಟ್ಟಿದ್ದ ಆ ಸಾಲೂ ಹೋಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಾರದು ಎನ್ನುತ್ತಾರೆ. ಇವನು ಮರ್ಯಾದೆಯ ಹೆಸರಿನಲ್ಲಿ ಕೊಯ್ದಿದ್ದ. ನಿಯಮದ ಮೇಲಿನ ಭಕ್ತಿಯಿಂದ ಹನ್ನೊಂದು ವರ್ಷ ಆ ಚರ್ಚೆಯ ಕಡೆ ತಿರುಗಿಯೂ ನೋಡಿರಲಿಲ್ಲ.

‘ಬರ್ನಿಸ್, ಬಿವಾಬಿಕ್‌ನಲ್ಲಿ ಲಹ್ತಿ ಅಂದ್ರೆ ಯಾರು?’

‘ಹೈಮರನ ಮಗ ಇರಬೇಕು. ಗಣಿ ಲಾರಿ ರಿಪೇರಿ ಮಾಡ್ತಾನೆ. ಚರ್ಚ್ ಹಿಂದಿನ ಹಸಿರು ಮನೆ. ಯಾಕೆ, ಏನಾಯ್ತು?’

‘ಫೋನ್ ಮಾಡು. ಸಿಗಲಿಲ್ಲಾಂದ್ರೆ ಫೈರ್‌ನೋರಿಗೆ ಮಾಡು. ಬಾಯ್ಲರಿಗೆ ನೀರು ಮುಟ್ಟಿಸಬೇಡಿ ಅನ್ನು. ಅದೊಂದೇ ಮಾತು ಹೇಳು, ಮೂರು ಸಲ ಹೇಳು.’

ಅವನು ಎರಡಡಿಯ ಪೈಪು ರೆಂಚು ತೆಗೆದುಕೊಂಡು ಹೊರಟಾಗ ಹತ್ತೂ ಹತ್ತು. ಹದಿಮೂರು ಮೈಲಿ, ಗಾಜಿನಂಥ ರಸ್ತೆ. ತಿರುವಿನಲ್ಲಿ ಪಿಕಪ್ಪು ಜಾರಿ ಹಿಮದ ದಿಬ್ಬಕ್ಕೆ ಹೊಡೆದು ಒಂದು ದೀಪ ಒಡೆಯಿತು. ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಅವನು ಕರ್ಟ್ ಲಹ್ತಿಯನ್ನು ಬೈದ, ಕ್ಲೈಡನನ್ನು ಬೈದ, ಆಮೇಲೆ ಬೈಯಲು ತಾನೊಬ್ಬನೇ ಉಳಿದ.

ಹಸಿರು ಮನೆಯ ಬಾಗಿಲು ಬಡಿದಾಗ ಕರ್ಟನ ಹೆಂಡತಿ ಜೋಲೀನ್ ಸರಪಳಿ ಬಿಚ್ಚದೆ ಇಣುಕಿದಳು. ಬಾಗಿಲ ಸಂದಿಯಿಂದಲೇ ರೂಡಿಗೆ ವಾಸನೆ ಬಡಿಯಿತು. ಸುಟ್ಟ ಬಣ್ಣ, ಕಾದ ಕಬ್ಬಿಣ. ನಲವತ್ತನಾಲ್ಕು ವರ್ಷದ ಹಿಂದಿನ ಸಭಾಭವನದ ಅದೇ ವಾಸನೆ.

‘ಅಮ್ಮಾ, ಮಕ್ಕಳನ್ನ ಎತ್ಕೊಂಡು ಹೊರಗೆ ಬಾ. ಈಗಲೇ. ಬಾಯ್ಲರು ಸಿಡಿಯುತ್ತೆ.’

ಅವಳ ಹಿಂದೆ ಕರ್ಟ್ ಬಂದ. ಬಾಗಿಲು ತುಂಬುವಂಥ ಆಳು, ಇನ್ನೂ ಕೋಟು ಬಿಚ್ಚಿರಲಿಲ್ಲ. ‘ಯಾರು ತಾತ ನೀನು? ಬೆಳಿಗ್ಗೇನೇ ಹಾಕ್ಕೊಂಡು ಬಂದಿದೀಯಾ?’

‘ರೇಂಜ್ ರೂಡಿ ನಾನೇ. ಆ ವೈರು ಬಿಚ್ಚಬೇಕಿತ್ತು. ಐದು ನಿಮಿಷಕ್ಕೆ ಬಿಚ್ಚಬೇಕಿತ್ತು. ಸರಪಳಿ ತೆಗಿ.’

ಕರ್ಟ್ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಆ ಚರ್ಚೆಯನ್ನು ಅಚ್ಚು ಹಾಕಿಸಿಟ್ಟುಕೊಂಡಿದ್ದ. ‘ನೋಡು, ಇಲ್ಲಿ ಬಿಚ್ಚು ಅಂತ ಎಲ್ಲಿದೆ? ನಲವತ್ತು ಸಾವಿರ ಜನ ಓದಿದಾರೆ. ರೂಡಿ ಅಂದ್ರೆ ಕಸುಬು ಗೊತ್ತಿರೋನು. ನಿನ್ನ ಹಾಗೆ ಬೀದಿ ಬಾಗಿಲಲ್ಲಿ ಕಿರಚೋನಲ್ಲ.’

‘ಅದನ್ನ ಬರೆದೋನು ಕತ್ತೆ ಕಣೋ. ಆ ಕತ್ತೆ ನಾನೇ ಅಂತಿದೀನಲ್ಲ.’

‘ಹೋಗು ತಾತ, ಮನೇಲಿ ಕಾಯ್ತಿರ್ತಾರೆ’ ಎಂದು ಕರ್ಟ್ ಬಾಗಿಲು ಹಾಕಿದ. ಒಳಗಿನಿಂದ ಅವನ ಮಾತು ಕೇಳಿಸಿತು: ‘ಹುಚ್ಚ. ನೀರು ಬಿಟ್ಟು ಬರ್ತೀನಿ ಇರು.’

ರೂಡಿ ರೆಂಚಿನಿಂದ ಬಾಗಿಲಿನ ಗಾಜು ಒಡೆದ, ಕೈ ತೂರಿಸಿದ, ಸರಪಳಿಯನ್ನು ಬುಡಸಮೇತ ಕಿತ್ತ. ಗಾಜು ಮೊಣಕೈವರೆಗೆ ಸೀಳಿದ್ದು ಅವನಿಗೆ ಆಮೇಲೆ ಗೊತ್ತಾಯಿತು. ಜೋಲೀನ್ ಕಿರುಚಿದಳು. ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲಿ ಬಾಯ್ಲರು ಆರಿಸುವ ಕೆಂಪು ಸ್ವಿಚ್ಚು ಇರಬೇಕು. ಇತ್ತು ಕೂಡ, ಆದರೆ ಯಾರೋ ಅದರ ಮೇಲೆಯೇ ಕಪಾಟು ಜಡಿದಿದ್ದರು. ಅಂಥವರ ಕೈ ಮುರಿಯಬೇಕು. ರೂಡಿ ಮೆಟ್ಟಿಲಿಗೆ ಕಾಲಿಟ್ಟಾಗ ಕೆಳಗಿಳಿಯುತ್ತಿದ್ದ ಕರ್ಟ್ ತಿರುಗಿ ಅವನ ಎದೆಗೆ ಗುದ್ದಿದ. ರೂಡಿ ಅವನ ಕಾಲರು ಬಿಡಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಉರುಳಿ, ಹದಿಮೂರು ಮೆಟ್ಟಿಲು ಬೆನ್ನು, ತಲೆ, ಮೊಣಕೈಗಳಲ್ಲಿ ಎಣಿಸಿಕೊಂಡು ಸಿಮೆಂಟಿನ ನೆಲಕ್ಕೆ ಬಿದ್ದರು.

ಬಾಯ್ಲರಿನ ಹೊಟ್ಟೆಯ ಕೆಳಭಾಗ ಮಬ್ಬು ಕೆಂಪಗಿತ್ತು. ಕರ್ಟ್ ಅದನ್ನು ನೋಡಿದ. ಹೆದರಿದ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದ. ಕೆಂಪಗೆ ಕಾದದ್ದನ್ನು ತಣಿಸಬೇಕೆಂದು ನೀರಿನ ನಲ್ಲಿಗೆ ಓಡಿದ.

‘ಬೇಡ’ ಎಂದ ರೂಡಿ. ಕರ್ಟ್ ನಲ್ಲಿಯ ಚಕ್ರ ಹಿಡಿದಾಗಿತ್ತು. ಹಳೆಯ ನಲ್ಲಿ, ಬಿಗಿಯಾಗಿತ್ತು. ಟೋನಿ ಸತ್ತ ದಿನ ರೂಡಿ ಮೆಟ್ಟಿಲ ಮೇಲಿದ್ದ. ಇವತ್ತು ಎರಡು ಹೆಜ್ಜೆಯಲ್ಲಿದ್ದ. ರೆಂಚು ಎತ್ತಿ ಕರ್ಟನ ಮುಂಗೈ ಮೇಲೆ ಹೊಡೆದ. ಮೂಳೆ ಲಟಕ್ಕೆಂದಿತು. ಕೈ ಚಕ್ರ ಬಿಡಲಿಲ್ಲ. ಮತ್ತೆ ಹೊಡೆದ. ಬೆರಳುಗಳು ಒಂದೊಂದೇ ಬಿಟ್ಟುಕೊಂಡವು. ಕರ್ಟ್ ಪ್ರಾಣಿಯಂತೆ ಕೂಗಿ, ಸರಿಯಿದ್ದ ಕೈಯಿಂದ ರೂಡಿಯ ಮುಖಕ್ಕೆ ಬಿಗಿದ. ಮೂಗು ನಾಲ್ಕನೇ ಸಲ ಮುರಿಯಿತು. ಕೆನ್ನೆಯ ಮೂಳೆಯೂ ಹೋಯಿತು. ರೂಡಿ ಬಾಯಿ ತುಂಬ ಬಂದ ರಕ್ತ ಉಗಿದು, ಕರ್ಟನ ಮೊಣಕಾಲಿಗೆ ಒದ್ದು ಕೆಡವಿ, ಗ್ಯಾಸಿನ ಪೈಪಿನ ವಾಲ್ವನ್ನು ರೆಂಚಿನಿಂದ ಅಡ್ಡ ತಿರುಗಿಸಿದ. ಬೆಂಕಿ ಪುಸ್ಸೆಂದು ಆರಿತು.

ಜೋಲೀನ್ ಮೆಟ್ಟಿಲ ಮೇಲೆ ಕಿರಿಯ ಮಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಕಣ್ಣು ಕೆಂಪು ಕಬ್ಬಿಣದ ಮೇಲಿತ್ತು.

‘ಹೊರಗೆ ಹೋಗಮ್ಮ’ ಎಂದ ರೂಡಿ. ‘ಮಿಕ್ಕ ಮಕ್ಕಳನ್ನೂ ಕರ್ಕೊ. ಗಾಡೀಲಿ ಕೂತ್ಕೊ.’ ಅವಳು ಹೋದಳು.

ಕರ್ಟ್ ಇನ್ನೂ ನಲ್ಲಿಯ ಕಡೆಗೇ ತೆವಳುತ್ತಿದ್ದ. ಬೆಂಕಿ ಆರಿದರೂ ಕಬ್ಬಿಣ ಆರಿರಲಿಲ್ಲ, ನೀರು ತಾಗಿದರೆ ಆಗಲೂ ಅಷ್ಟೇ. ರೂಡಿ ಅವನ ಬೆನ್ನ ಮೇಲೆ ಕೂತ. ಅವನು ಏಳಲು ನೋಡಿದಾಗಲೆಲ್ಲ ಕುತ್ತಿಗೆ ಹಿಡಿದು ನೆಲಕ್ಕೆ ಅದುಮಿದ. ಕೆಂಪು ಕಂದಾಗಿ, ಕಂದು ಕಪ್ಪಾಗುವವರೆಗೆ ಹೀಗೇ. ಕರ್ಟ್ ಬೈದ, ಆಮೇಲೆ ಅತ್ತ, ಆಮೇಲೆ ವಾಂತಿ ಮಾಡಿದ. ಲಹ್ತಿಯ ಮನೆಗೆ ಫೋನು ಸಿಗದೆ ಬರ್ನಿಸ್ ಕರೆಸಿದ್ದ ಬೆಂಕಿಯ ದಳದವರು ಬಂದಾಗ ಕಂಡದ್ದು ಕಪ್ಪಗೆ ತಣ್ಣಗೆ ಕೂತಿದ್ದ ಒಂದು ಬಾಯ್ಲರು, ಕೈ ಮುರಿದು ಬಿದ್ದಿದ್ದ ಮನೆಯೊಡೆಯ, ಅವನ ಮೇಲೆ ರಕ್ತ ಸುರಿಸಿಕೊಂಡು ರೆಂಚು ಹಿಡಿದು ಕೂತ ಒಬ್ಬ ಮುದುಕ. ನಾಲ್ವರು ಸೇರಿ ಅವನನ್ನು ಎಳೆದರು.

ಆಗದೆ ಹೋದ ಅನಾಹುತಕ್ಕೆ ಸಾಕ್ಷಿ ಇರುವುದಿಲ್ಲ. ಆದ ಗಾಯಕ್ಕೆ ಮಾತ್ರ ಎಕ್ಸ್-ರೇ ಇರುತ್ತದೆ. ಕಾದು ಬಾಯ್ಲರು ಬಿರುಕು ಬಿಟ್ಟಿದ್ದು ನಿಜ, ಆದರೆ ಅದನ್ನೂ ಈ ಹುಚ್ಚನೇ ರೆಂಚಿನಿಂದ ಒಡೆದ ಎಂದ ಕರ್ಟ್. ಕಟ್-ಆಫ್ ಕೆಟ್ಟಿರಲಿಲ್ಲ, ನೆಲದಡಿಯ ಪೈಪಿನಿಂದ ನೀರು ನಿಜವಾಗಿಯೂ ಸೋರಿಹೋಗುತ್ತಿತ್ತು, ಅದು ಸರಿಯಾಗಿಯೇ ಬೆಂಕಿ ಆರಿಸುತ್ತಿತ್ತು. ಇದನ್ನು ಹೇಳಿದರೆ ಕೇಳುವವರಿರಲಿಲ್ಲ. ರೂಡಿ ಜಾಮೀನಿನ ಮೇಲೆ ಮನೆಗೆ ಬಂದ.

ಕೋರ್ಟಿನ ದಿನಕ್ಕೆ ಆರು ವಾರ ಇತ್ತು. ಊದಿದ ಮುಖ ಹೊತ್ತುಕೊಂಡು ಅವನು ಹಳೆಯ ಚರ್ಚೆಗಳನ್ನು ಒಂದೊಂದಾಗಿ ತೆರೆದ. ತಾನು ಕತ್ತರಿಸಿದ್ದು ಎಲ್ಲೆಲ್ಲಿ, ಅದರ ಜೊತೆ ಏನೇನು ಹೋಯಿತು ಎಂದು ಹುಡುಕಿ, ಬಿಟ್ಟುಹೋದ ಸಾಲನ್ನು ಪ್ರತಿಯೊಂದರ ಕೆಳಗೂ ಸೇರಿಸತೊಡಗಿದ. ಎಂಟು ವರ್ಷದ್ದು, ಹತ್ತು ವರ್ಷದ್ದು. ದಿನಕ್ಕೆ ಮೂವತ್ತು, ನಲವತ್ತು ಹೆಣ. ಫೋರಮ್ಮಿನವರಿಗೆ ರೇಗಿತು. ‘ನಿಯಮ ಬರೆದೋನೇ ಸ್ಮಶಾನ ಅಗೀತಿದಾನೆ, ಪುಟದ ತುಂಬಾ ಹಳೇ ಕೊಳಕು’ ಎಂದರು. ಹತ್ತನೇ ದಿನ ಫೋರಮ್ಮಿನ ಒಡೆಯ, ಶಿಷ್ಟಾಚಾರ ಮುರಿದದ್ದಕ್ಕೆಂದು, ಅವನ ಕಾವಲುಗಾರಿಕೆ ಕಿತ್ತುಕೊಂಡು, ಅವನು ಅಲ್ಲಿ ಬರೆಯದಂತೆ ಬಾಗಿಲು ಮುಚ್ಚಿದ. ರೂಡಿ ಕಂಪ್ಯೂಟರಿನ ತೆರೆಗೆ ಗುದ್ದಿದ. ಅದು ಒಡೆಯಿತು.

ಎರಡು ದಿನ ಬಿಟ್ಟು ಟೊಲೀಡೊದಿಂದ ಫೋನು ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕ್ಲೈಡನ ದನಿ ಕೇಳಿದ್ದು.

‘ಅವತ್ತೇ ಹೇಳಿದ್ದೆ’ ಎಂದ ಕ್ಲೈಡ್.

‘ಹೇಳಿದ್ದೆ’ ಎಂದ ರೂಡಿ.

‘ನನ್ನಮ್ಮನ್ನ ಏನಂದಿದ್ದೆ ಅಂತ ಇನ್ನೂ ನೆನಪಿದೆ ನಂಗೆ.’

‘ನಂಗೂ ಇದೆ. ಹೊಡೀಬೇಕಂದ್ರೆ ಬಾ, ಮನೇಲೇ ಇದೀನಿ.’

‘ಹಲ್ಲು ಎಷ್ಟು ಉಳಿದಿದೆ ನಿಂಗೆ? ಸುಮ್ನೆ ಬಂದು ಸುಸ್ತಾಗಬಾರದು ನೋಡು.’ ಆಮೇಲೆ ಕ್ಲೈಡ್ ಕೇಳಿದ, ‘ಇನ್ನೆಷ್ಟು ಚರ್ಚೆ ಬಾಕಿ ಇದೆ? ಪಟ್ಟಿ ಕಳಿಸು. ನನ್ನ ಹೆಸರಲ್ಲಿ ಹಾಕ್ತೀನಿ. ಅವರು ನನ್ನನ್ನೂ ಓಡಿಸೋವರೆಗೆ ಹಾಕ್ತೀನಿ.’

ರೂಡಿ ಫೋನಿಟ್ಟು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಬರ್ನಿಸ್ ಅರ್ಧ ಗಂಟೆ ಕರೆಯಲಿಲ್ಲ. ಎಲ್ಲವೂ ಸರಿಹೋಯಿತೆಂದಲ್ಲ. ಕಂಪ್ಯೂಟರಿನಲ್ಲಿ ಸಾಲು ಸೇರಿಸಬಹುದು, ಜನ ಅಚ್ಚು ಹಾಕಿಸಿ ಜೇಬಿನಲ್ಲಿಟ್ಟ ಕಾಗದಕ್ಕೆ ಯಾರು ಸೇರಿಸಬೇಕು? ಅದನ್ನು ಯೋಚಿಸಿ ಅವನಿಗೆ ಊಟ ಸೇರುತ್ತಿರಲಿಲ್ಲ.

ಕೋರ್ಟಿನಲ್ಲಿ ಕರ್ಟನ ಕಡೆಯ ವಕೀಲ ಆ ಕಾಗದವನ್ನೇ ಎತ್ತಿ ಹಿಡಿದ. ‘ಇದನ್ನ ಬರೆದೋರು ನೀವೇ ತಾನೆ?’

‘ನಾನೇ.’

‘ವೈರ್ ಬಿಚ್ಚಬೇಕು ಅಂತ ಇದರಲ್ಲಿ ಎಲ್ಲಾದ್ರೂ ಇದೆಯಾ?’

‘ಇಲ್ಲ. ಅಳಿಸಿದೋನೂ ನಾನೇ.’

ನ್ಯಾಯಾಧೀಶೆ ವಯಸ್ಸಾದ ಹೆಂಗಸು, ಕೆಟ್ಟವರಲ್ಲ. ‘ನೋಡಿ ಮಿಸ್ಟರ್ ಗ್ರಾಹೆಕ್,’ ಎಂದರು, ‘ನಿಮ್ಮ ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ ಅಂತ ನಂಗೆ ಅನಿಸುತ್ತೆ. ಕೈ ಮುರಿದಿದ್ದಕ್ಕೆ ಅವರ ಹತ್ರ ಕ್ಷಮೆ ಕೇಳಿ. ಮನೆಗೆ ಹೋಗಿ.’

ಬರ್ನಿಸ್ ಹಿಂದಿನ ಸಾಲಿನಿಂದ ಅವನನ್ನೇ ನೋಡುತ್ತಿದ್ದಳು. ಕೇಳಿಬಿಡು ಎಂದು ಅವಳ ತುಟಿ ಹೇಳುತ್ತಿತ್ತು.

ರೂಡಿ ಕರ್ಟನ ಕಡೆ ತಿರುಗಿದ. ಕರ್ಟನ ಕೈಯಲ್ಲಿ ಕಬ್ಬಿಣದ ಸರಳುಗಳು, ತಿರುಪುಗಳು. ‘ನಾನು ಬರೆದಿದ್ದಕ್ಕೆ ಕ್ಷಮಿಸು’ ಎಂದ. ‘ಅಳಿಸಿದ್ದಕ್ಕೂ ಕ್ಷಮಿಸು. ಅದಕ್ಕೆ ನಿನ್ನ ಕಾಲು ಬೇಕಾದ್ರೂ ಹಿಡೀತೀನಿ.’

‘ಅದರಿಂದ ನಾಕು ದಿನ ನನ್ನ ಮಕ್ಕಳು ಬೆಚ್ಚಗಿದ್ರು’ ಎಂದ ಕರ್ಟ್. ‘ಕೈಗೆ ಕೇಳು. ಈ ಕೈಲಿ ಇನ್ನು ಸ್ಪ್ಯಾನರ್ ಹಿಡಿಯೋಕಾಗಲ್ಲ.’

‘ಕೈಗೆ ಕೇಳಲ್ಲ. ನಾಳೆ ನೀನು ಮತ್ತೆ ಆ ನಲ್ಲಿ ಹಿಡಿದ್ರೆ ಇನ್ನೊಂದು ಕೈನೂ ಮುರೀತೀನಿ.’

ಬರ್ನಿಸ್ ಕಣ್ಣು ಮುಚ್ಚಿದಳು. ತೊಂಬತ್ತು ದಿನ ಜೈಲು, ಎಂದರು ನ್ಯಾಯಾಧೀಶೆ.

ಪೊಲೀಸ್ ಡೆಪ್ಯುಟಿ ಅವನಿಗೆ ಬೇಡಿ ಹಾಕಿ ಪಡಸಾಲೆಗೆ ಕರೆತಂದ. ಹೆಂಗಸರ ಬಚ್ಚಲಿನ ಬಾಗಿಲಲ್ಲಿ ಜೋಲೀನ್ ನಿಂತಿದ್ದಳು. ಗಂಡ ಕಾಣುತ್ತಾನೋ ಎಂದು ಆಚೀಚೆ ನೋಡಿ ಹತ್ತಿರ ಬಂದಳು.

‘ಅದು ಕೆಂಪಗಿತ್ತು’ ಎಂದಳು. ‘ನಾನು ನೋಡ್ದೆ. ಹೇಳಬೇಡ ಅಂದ್ರು ಇವರು.’

‘ಇರಲಿ ಬಿಡಮ್ಮ.’

‘ಅದಲ್ಲ. ಆರೋರಾದಲ್ಲಿ ನನ್ನ ಅಕ್ಕ ಇದಾಳೆ, ಮಾರ್ಲಿಸ್. ಅದೇ ವಾರ ಅವಳ ಬಾಯ್ಲರೂ ನಿಂತು ನಿಂತು ಹೋಗ್ತಿತ್ತು. ಇವರೇ ಹೋಗಿ, ಆ ಕಾಗದ ನೋಡ್ಕೊಂಡು, ವೈರು ಸೇರಿಸಿ ಬಂದ್ರು. ಬಿಚ್ಚಿಸೋಣ ಅಂದ್ರೆ ಹುಚ್ಚನ ಮಾತು ಕಟ್ಕೊಂಡು ಕುಣೀಬೇಡ ಅಂತಾರೆ. ಇವತ್ತು ಬೆಳಿಗ್ಗೆ ಫೋನ್ ಮಾಡಿದ್ಲು, ಮನೇಲೆಲ್ಲಾ ಏನೋ ಸುಟ್ಟ ವಾಸನೆ ಅಂತ.’

ಡೆಪ್ಯುಟಿ ರೂಡಿಯ ತೋಳು ಹಿಡಿದು ಎಳೆದ. ‘ನಡಿ, ಮಾತು ಸಾಕು.’ ರೂಡಿ ಕಾಲೂರಿ ನಿಂತ.

‘ಫೋನ್ ಮಾಡು. ಈಗ, ಇಲ್ಲೇ. ಮಾಡಮ್ಮ.’

ಅವಳು ಫೋನು ತೆಗೆದಳು. ಎರಡು ಸಲ ತಪ್ಪು ಒತ್ತಿದಳು. ಡೆಪ್ಯುಟಿ ಮತ್ತೆ ಎಳೆದ. ಎಳೆದ ರಭಸಕ್ಕೆ ರೂಡಿ ಭುಜದಿಂದ ಅವನನ್ನು ಗೋಡೆಗೆ ಗುದ್ದಿದ. ಇನ್ನೊಬ್ಬ ಡೆಪ್ಯುಟಿ ಓಡಿಬಂದ. ಇಬ್ಬರೂ ಸೇರಿ ಅವನನ್ನು ಬೋರಲು ಕೆಡವಿದರು. ಒಬ್ಬನ ಮೊಣಕಾಲು ಬೆನ್ನ ಮೇಲೆ, ಇನ್ನೊಬ್ಬನ ಅಂಗೈ ಇನ್ನೂ ಮಾಯದಿದ್ದ ಕೆನ್ನೆಯ ಮೇಲೆ. ಜೋಲೀನ್ ನೆಲಕ್ಕೆ ಕೂತು ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು.

‘ಹಲೋ?’ ಎಂದಿತು ಒಂದು ಹೆಂಗಸಿನ ದನಿ.

‘ಮೆಟ್ಟಿಲ ತಲೇಲಿ ಕೆಂಪು ಸ್ವಿಚ್ಚಿದೆ. ಆರಿಸು.’

‘ಯಾರು ಮಾತಾಡ್ತಿರೋದು?’

‘ಆರಿಸಿ ಬಾ, ಹೇಳ್ತೀನಿ.’ ಬೆನ್ನ ಮೇಲಿನ ಮೊಣಕಾಲು ಒತ್ತಿದಾಗ ಅವನ ಉಸಿರು ನಿಂತಿತು, ಮತ್ತೆ ಬಂತು. ‘ನೀರು ಬಿಡಬೇಡ ತಾಯಿ. ಎಷ್ಟೇ ಕಾದಿರಲಿ, ಒಂದು ಹನಿನೂ ಬಿಡಬೇಡ.’

ಫೋನಿನಲ್ಲಿ ಹೆಜ್ಜೆ ಸದ್ದು, ಬಾಗಿಲಿನ ಸದ್ದು. ಬೆನ್ನ ಮೇಲಿನ ಮೊಣಕಾಲು ಯಾಕೋ ಸಡಿಲಾಯಿತು. ಜೋಲೀನ್ ತಂಗಿಯ ದನಿಯಲ್ಲಿ ‘ಅಕ್ಕಾ, ಅಕ್ಕಾ’ ಎಂದು ಎರಡು ಸಲ ಕರೆದಳು.

‘ಆರಿಸ್ದೆ’ ಎಂದಳು ಮಾರ್ಲಿಸ್, ಏದುಸಿರು ಬಿಡುತ್ತ. ‘ಕೆಳಗೆಲ್ಲಾ ಬಿಸಿ ಹವೆ ಹೊಡೀತಿದೆ. ಒಂದು ಬಕೆಟ್ ನೀರು ತುಂಬಿಸಿ ಇಟ್ಕೊಂಡಿದ್ದೆ.’

‘ಚೆಲ್ಲಿಬಿಡು’ ಎಂದ ರೂಡಿ. ‘ಮಕ್ಕಳಿದ್ರೆ ಕರ್ಕೊಂಡು ಹೊರಗೆ ಹೋಗು.’

ಆಮೇಲೆ ಅವನು ಕೆನ್ನೆಯನ್ನು ನೆಲಕ್ಕಿಟ್ಟು ಸುಮ್ಮನೆ ಮಲಗಿದ, ಅವರು ಎಬ್ಬಿಸುವವರೆಗೆ. ಡೆಪ್ಯುಟಿಯನ್ನು ತಳ್ಳಿದ್ದಕ್ಕೆ ಇನ್ನೂ ಮೂವತ್ತು ದಿನ ಸೇರಿತು.